ರೇಟು ಇಳಿಸದೆ ಕಳೆ ಮೆಷಿನ್ ಮಾರಿದ್ದು

ಮೂಡಿಗೆರೆಯಲ್ಲಿ ನಮ್ಮದು ತೋಟದ ಯಂತ್ರಗಳ ಅಂಗಡಿ. ಕಳೆ ಹೊಡೆಯುವ ಮೆಷಿನ್, ಔಷಧಿ ಹೊಡೆಯುವ ಪಂಪು, ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಸವರಲು ಬೇಕಾದ ಗರಗಸ, ಪೈಪು, ಬೆಲ್ಟು, ಇಂಥವು. ಹಿಂದುಗಡೆ ಸಣ್ಣ ರಿಪೇರಿ ಶೆಡ್ ಇದೆ. ಕೌಂಟರ್‌ನಲ್ಲಿ ತಮ್ಮ ಕೂರುತ್ತಾನೆ, ಶೆಡ್ಡಿನಲ್ಲಿ ನಾನು ಮತ್ತು ಒಬ್ಬ ಮೆಕ್ಯಾನಿಕ್ ಹುಡುಗ.

ವರ್ಷದಲ್ಲಿ ಎರಡು ಸಲ ನಮಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಮಳೆ ಹಿಡಿಯುವ ಮುಂಚೆ ಮೇ ತಿಂಗಳಲ್ಲಿ ಒಮ್ಮೆ. ಮಳೆ ಕಡಿಮೆಯಾದ ಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ಈ ಎರಡನೆಯದೇ ಜೋರು. ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಾಗುತ್ತದೆ. ಅಷ್ಟರೊಳಗೆ ತೋಟ ಚೊಕ್ಕಟ ಆಗಿರಬೇಕು. ಕಳೆ ಇದ್ದರೆ ಕೊಯ್ಲಿನವರು ಗಿಡದ ಹತ್ತಿರ ಹೋಗುವುದು ಕಷ್ಟ, ಕೆಳಗೆ ಉದುರಿದ ಹಣ್ಣೂ ಕಾಣುವುದಿಲ್ಲ. ಉದುರಿದ್ದನ್ನು ಆರಿಸದೆ ಬಿಟ್ಟರೆ ಕಾಯಿಕೊರಕ ಹುಳ ಅದರಲ್ಲೇ ಉಳಿದು ಮುಂದಿನ ಫಸಲಿಗೆ ಬರುತ್ತದೆ. ಹಾಗಾಗಿ ಆ ಎರಡು ತಿಂಗಳು ಎಲ್ಲರಿಗೂ ಒಟ್ಟಿಗೇ ಮೆಷಿನ್ ಬೇಕು.

ಕೆಲವು ವರ್ಷಗಳಿಂದ ಗಿರಾಕಿಗಳು ಅಂಗಡಿಗೆ ಬರುವಾಗ ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಬರುತ್ತಾರೆ. ‘ನೋಡಿ, ಇದೇ ಮೆಷಿನ್, ಆನ್‌ಲೈನ್‌ನಲ್ಲಿ ಇಷ್ಟು ಕಡಿಮೆ ಇದೆ. ನೀವು ಎಷ್ಟಕ್ಕೆ ಕೊಡ್ತೀರಿ?’ ಕೇಳುವುದರಲ್ಲಿ ತಪ್ಪೇನಿಲ್ಲ. ನಾನೂ ಮೊಬೈಲ್ ಕೊಳ್ಳುವಾಗ ಹಾಗೇ ಕೇಳುತ್ತೇನೆ.

‘ಅಣ್ಣ, ನಾವೂ ಇಳಿಸೋಣ. ಇಲ್ಲಾಂದ್ರೆ ಒಂದೂ ಹೋಗಲ್ಲ’ ಎಂದು ತಮ್ಮ ಹೇಳಿದ. ಅವನ ಮಾತು ತಳ್ಳಿಹಾಕುವಂಥದ್ದಾಗಿರಲಿಲ್ಲ. ಅಕ್ಕಪಕ್ಕದ ಊರಿನ ಅಂಗಡಿಗಳಲ್ಲೂ ಸೀಸನ್ ರಿಯಾಯಿತಿ ಅಂತ ಬ್ಯಾನರ್ ಏರಿತ್ತು. ಅವತ್ತು ರಾತ್ರಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಸುಲಭಕ್ಕೆ ಒಂದು ಮೆಷಿನ್‌ಗೆ 20,000 ರೂಪಾಯಿ ಅಂತಿಟ್ಟುಕೊಳ್ಳಿ. ಅದರಲ್ಲಿ ನಮಗೆ ಉಳಿಯುವುದು 3,000. ಗಿರಾಕಿಗೆ 1,500 ಬಿಟ್ಟರೆ ಅವರ ಕಣ್ಣಿಗೆ ಅದು ನೂರಕ್ಕೆ ಏಳೂವರೆ ರೂಪಾಯಿ. ನಮಗೆ ಮಾತ್ರ ಲಾಭದ ಅರ್ಧ ಹೋಯಿತು. ಮೊದಲಿನಷ್ಟೇ ದುಡ್ಡು ನೋಡಬೇಕಾದರೆ ಎರಡರಷ್ಟು ಮೆಷಿನ್ ಮಾರಬೇಕು. ಈ ತಾಲ್ಲೂಕಿನಲ್ಲಿ ತೋಟ ಇರುವಷ್ಟೇ ಇದೆ. ನಾವು ರೇಟು ಇಳಿಸಿದೆವು ಅಂತ ಯಾರೂ ಹೊಸ ತೋಟ ಹಾಕುವುದಿಲ್ಲ. ಅದೂ ಅಲ್ಲದೆ, ನಾವು 1,500 ಬಿಟ್ಟ ದಿನ ಆನ್‌ಲೈನ್‌ನವರು ಇನ್ನೊಂದು ಸಾವಿರ ಬಿಟ್ಟರೆ ಏನು ಮಾಡುವುದು? ಅವರಿಗೆ ಗೋಡೌನ್ ಎಲ್ಲೋ ಇದೆ, ಸರಕು ರಾಶಿ ಲೆಕ್ಕದಲ್ಲಿ ಬರುತ್ತದೆ. ಆ ಆಟದಲ್ಲಿ ಮೂಡಿಗೆರೆಯ ಅಂಗಡಿ ಗೆಲ್ಲುವ ದಾರಿ ನನಗೆ ಕಾಣಲಿಲ್ಲ.

ಲೆಕ್ಕದ ಪುಸ್ತಕ ಮುಚ್ಚಿ ನಾನು ತೆಗೆದದ್ದು ಶೆಡ್ಡಿನ ರಿಪೇರಿ ಪುಸ್ತಕ. ಯಾವ ಮೆಷಿನ್ ಬಂತು, ಏನಾಗಿತ್ತು, ಏನು ಹಾಕಿದೆವು ಅಂತ ಅದರಲ್ಲಿ ಬರೆದಿಡುವ ಅಭ್ಯಾಸ ಇದೆ. ಓದುತ್ತಾ ಹೋದಂತೆ ಅವೇ ನಾಲ್ಕೈದು ಕಾಯಿಲೆಗಳು ಮತ್ತೆ ಮತ್ತೆ ಬರುತ್ತಿದ್ದವು. ಟೂ ಸ್ಟ್ರೋಕ್ ಮೆಷಿನ್‌ಗೆ ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ ಪಿಸ್ಟನ್ ಹಿಡಿದುಕೊಂಡದ್ದು. ಹೋದ ಸೀಸನ್‌ನ ಪೆಟ್ರೋಲ್ ಟ್ಯಾಂಕಿನಲ್ಲೇ ಉಳಿದು ಕಾರ್ಬುರೇಟರ್ ಅಂಟುಗಟ್ಟಿದ್ದು. ಏರ್ ಫಿಲ್ಟರ್ ಪೂರ್ತಿ ಧೂಳು ತುಂಬಿಕೊಂಡದ್ದು. ಬ್ಲೇಡ್ ಹತ್ತಿರದ ಗೇರ್ ಪೆಟ್ಟಿಗೆಗೆ ಗ್ರೀಸ್ ಕಾಣಿಸದೆ ಹಲ್ಲು ಸವೆದದ್ದು. ಫೋರ್ ಸ್ಟ್ರೋಕ್ ಮೆಷಿನ್‌ನಲ್ಲಿ ಕೊಂಡ ದಿನ ಹಾಕಿದ ಆಯಿಲ್ ಕಪ್ಪು ಕೆಸರಾಗಿ ಕೂತದ್ದು. ಕಂಪನಿಯ ದೋಷ ಅನ್ನುವಂಥವು ತೀರಾ ಕಡಿಮೆ.

ಮೆಷಿನ್ ಕೆಟ್ಟಿದ್ದು ಅದನ್ನು ಹಿಡಿದವರಿಗೆ ಯಾರೂ ಹೇಳಿಕೊಡದೆ ಇದ್ದದ್ದರಿಂದ. ದುಡ್ಡು ಕೊಡುವವರು ಗೌಡರು. ಮೆಷಿನ್ ಡಬ್ಬ ತೆಗೆದುಕೊಂಡು ಹೋಗುವವರು ತೋಟದ ಲೆಕ್ಕ ನೋಡುವ ರೈಟರ್. ತೋಟದಲ್ಲಿ ಮೆಷಿನ್ ಹೆಗಲಿಗೆ ಹಾಕಿಕೊಳ್ಳುವವನು ಕೂಲಿಯವರ ಲೈನ್ ಮನೆಯಲ್ಲಿರುವ ಇನ್ನೊಬ್ಬ ಹುಡುಗ, ಈಗೀಗ ಹೆಚ್ಚಾಗಿ ಅಸ್ಸಾಂ ಕಡೆಯವನು. ಡಬ್ಬದೊಳಗಿನ ಪುಸ್ತಕ ಇಂಗ್ಲಿಷ್‌ನಲ್ಲಿ. ಅದನ್ನು ಓದುವವರು ಯಾರು?

ಅಲ್ಲಿಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಬೆಳೆಗಾರರಿಗೆ 1,500 ರೂಪಾಯಿ ಉಳಿದರೆ ಖುಷಿ, ನಿಜ. ಆದರೆ ಅಕ್ಟೋಬರ್‌ನಲ್ಲಿ ಅವರ ಹತ್ತಿರ ನಿಜವಾಗಿಯೂ ಇಲ್ಲದಿರುವುದು ದಿನಗಳು. ಮೆಷಿನ್ ಹಿಡಿಯುವವರ ಕೂಲಿ ಮಾಮೂಲಿ ಕೂಲಿಗಿಂತ ಜಾಸ್ತಿ. ಮೆಷಿನ್ ನಿಂತರೂ ಆಳು ಬಂದಾಗಿರುತ್ತದೆ. ಎರಡು ದಿನ ಹಾಗೆ ಹೋದರೆ ಆಳು ಪಕ್ಕದ ತೋಟಕ್ಕೆ ಹೋಗಿಬಿಡುತ್ತಾನೆ, ಮತ್ತೆ ಸಿಗುವುದಿಲ್ಲ. ಹಾಗಾದರೆ ರೇಟಿನಲ್ಲಿ ಬಿಡಬೇಕು ಅಂತಿದ್ದ ದುಡ್ಡನ್ನು, ಸೀಸನ್‌ನಲ್ಲಿ ಅವರ ಮೆಷಿನ್ ನಿಲ್ಲದ ಹಾಗೆ ನೋಡಿಕೊಳ್ಳಲು ಹಾಕಿದರೆ ಹೇಗೆ?

ತಮ್ಮ ಅನುಮಾನದಿಂದಲೇ ಒಪ್ಪಿದ.

ಮೊದಲ ಕೆಲಸ, ಡಬ್ಬ ಹಾಗೇ ಕೊಡುವುದನ್ನು ನಿಲ್ಲಿಸಿದೆವು. ಮೆಷಿನ್ ಜೋಡಿಸಿ, ಆಯಿಲ್ ಹಾಕಿ, ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಓಡಿಸಿ ತೋರಿಸುವುದು. ‘ಗೌಡ್ರೇ, ಮೆಷಿನ್ ಹಿಡಿಯುವ ಹುಡುಗನನ್ನೂ ಕರೆದುಕೊಂಡು ಬನ್ನಿ’ ಅಂತ ಫೋನಿನಲ್ಲೇ ಹೇಳತೊಡಗಿದೆ. ಕೆಲವರಿಗೆ ಇದು ವಿಚಿತ್ರ ಅನಿಸಿತು. ಒಬ್ಬರು, ‘ನಾನು ತಗೊಳ್ಳೋದು, ಅವನ್ಯಾಕೆ?’ ಎಂದರು. ಬಂದ ಮೇಲೆ ಅವರೇ ಒಂದು ಮೂಲೆಯಲ್ಲಿ ನಿಂತು ಪೂರ್ತಿ ನೋಡಿದರು.

ಹುಡುಗ ತಾನೇ ಸ್ಟಾರ್ಟ್ ಮಾಡಬೇಕು. ಬೆಳಿಗ್ಗೆ ತಣ್ಣಗಿರುವಾಗ ಚೋಕ್ ಹೇಗೆ, ಬಿಸಿ ಇರುವಾಗ ಹೇಗೆ, ಎರಡೂ ಮಾಡಿ ತೋರಿಸಬೇಕು. ಬೆಲ್ಟನ್ನು ಅವನ ಎತ್ತರಕ್ಕೆ ಸರಿಮಾಡಿ ಕೊಡುತ್ತೇವೆ. ಇದೊಂದನ್ನು ಯಾರೂ ಮಾಡುವುದಿಲ್ಲ. ಕೊಕ್ಕೆ ಸೊಂಟದ ಹತ್ತಿರ ಸರಿಯಾದ ಜಾಗದಲ್ಲಿ ಕೂತರೆ ಭಾರ ಬೆಲ್ಟಿನ ಮೇಲೆ ಬೀಳುತ್ತದೆ, ಕೈಗೆ ಬರೀ ತಿರುಗಿಸುವ ಕೆಲಸ. ಸರಿಯಿಲ್ಲದಿದ್ದರೆ ಮಧ್ಯಾಹ್ನದೊಳಗೆ ತೋಳು ನೋಯುತ್ತದೆ, ಕೆಲಸ ನಿಧಾನವಾಗುತ್ತದೆ, ಗೌಡರು ಮೆಷಿನ್ ಸರಿಯಿಲ್ಲ ಅನ್ನುತ್ತಾರೆ. ಬ್ಲೇಡ್ ಮೇಲಿನಿಂದ ನೋಡಿದರೆ ಎಡಕ್ಕೆ ಸುತ್ತುತ್ತದೆ, ಹಾಗಾಗಿ ಬಲದಿಂದ ಎಡಕ್ಕೆ ಬೀಸಬೇಕು. ಬ್ಲೇಡಿನ ಬಲ ಮುಂಭಾಗ ಕಲ್ಲಿಗೋ ಮೋಟಿಗೋ ತಾಗಿದರೆ ಮೆಷಿನ್ ಒದೆಯುತ್ತದೆ. ಇದನ್ನೆಲ್ಲ ನಮ್ಮ ಹುಡುಗ ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಹೇಳುತ್ತಾನೆ. ಅವನ ಹಿಂದಿ ಕೇಳಿ ಅಸ್ಸಾಮಿನವರು ನಗುತ್ತಾರೆ, ಆದರೆ ಅರ್ಥ ಆಗುತ್ತದೆ.

ಕಾಳುಮೆಣಸಿನ ಬಳ್ಳಿಯ ಮಾತು ಬಂದಾಗ ಮಾತ್ರ ಗೌಡರೇ ಮುಂದೆ ಬರುತ್ತಾರೆ. ಕಾಫಿ ತೋಟದಲ್ಲಿ ಮೆಷಿನ್‌ನಿಂದ ಆಗುವ ದೊಡ್ಡ ನಷ್ಟ ಅದೇ. ಬುಡದ ಹತ್ತಿರ ಬ್ಲೇಡ್ ಒಂದು ಸಲ ತಾಗಿದರೆ ಸಾಕು, ಮರದ ತುದಿವರೆಗೆ ಹಬ್ಬಿದ ಬಳ್ಳಿ ಒಣಗುತ್ತದೆ. ಎಷ್ಟೋ ವರ್ಷ ಸಾಕಿದ್ದು ಒಂದು ಕ್ಷಣದಲ್ಲಿ ಹೋಯಿತು. ಆದ್ದರಿಂದ ಬಳ್ಳಿಯ ಸುತ್ತ, ಎಳೆ ಕಾಫಿ ಗಿಡದ ಸುತ್ತ ಎರಡು ಅಡಿ ಕತ್ತಿಯಲ್ಲೇ ಸವರಿ, ಆಮೇಲೆ ಮೆಷಿನ್ ಇಳಿಸಿ ಅಂತ ಹೇಳುತ್ತೇವೆ. ಮೆಷಿನ್ ಮಾರುವವನೇ ಇಲ್ಲಿ ಮೆಷಿನ್ ಬೇಡ ಅಂದರೆ ಜನ ಸ್ವಲ್ಪ ಕಿವಿಗೊಡುತ್ತಾರೆ.

ಎರಡನೆಯದು ಆಯಿಲ್ ಅಳತೆ. ಟೂ ಸ್ಟ್ರೋಕ್‌ಗೆ ಲೀಟರ್ ಪೆಟ್ರೋಲಿಗೆ ಕೆಲವು ಮೆಷಿನ್‌ಗೆ 20 ಮಿಲಿ, ಕೆಲವಕ್ಕೆ 40 ಮಿಲಿ ಆಯಿಲ್ ಬೇಕು, ಅದು ಯಾವ ಆಯಿಲ್ ಅನ್ನುವುದರ ಮೇಲೂ ಹೋಗುತ್ತದೆ. ತೋಟದಲ್ಲಿ ಯಾರೂ ಮಿಲಿ ಅಳೆಯುವುದಿಲ್ಲ. ‘ಒಂದು ಮುಚ್ಚಳ ಹಾಕಿದ್ವಿ ಸಾರ್’ ಅನ್ನುತ್ತಾರೆ. ಯಾವ ಮುಚ್ಚಳ ಅಂತ ದೇವರಿಗೇ ಗೊತ್ತು. ನಾವು ಐದು ಲೀಟರ್ ಕ್ಯಾನಿನ ಮೇಲೆ ಕೆಂಪು ಬಣ್ಣದ ಗೆರೆ ಎಳೆದೆವು, ಜೊತೆಗೆ ಒಂದು ಸಣ್ಣ ಬಾಟಲಿ, ಅದರ ಮೇಲೂ ಕೆಂಪು ಗೆರೆ. ಕ್ಯಾನಿನ ಗೆರೆವರೆಗೆ ಪೆಟ್ರೋಲ್, ಬಾಟಲಿಯ ಗೆರೆವರೆಗೆ ಆಯಿಲ್, ಎರಡನ್ನೂ ಸೇರಿಸಿ ಕುಲುಕುವುದು. ಮೆಷಿನ್‌ನ ಟ್ಯಾಂಕಿನ ಮುಚ್ಚಳಕ್ಕೂ ಕೆಂಪು ಬಣ್ಣ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸುವುದಿಲ್ಲ, ಅದರ ಕ್ಯಾನೂ ಮುಚ್ಚಳವೂ ಬಿಳಿ. ಎರಡೂ ಬಗೆಯ ಮೆಷಿನ್ ಇರುವ ತೋಟಗಳಲ್ಲಿ ಅದಲುಬದಲು ಆಗುತ್ತಿದ್ದದ್ದು ಇದರಿಂದ ತುಂಬಾ ಕಡಿಮೆಯಾಯಿತು. ನನ್ನ ಪ್ರಕಾರ ನಾವು ಮಾಡಿದ ಎಲ್ಲದರಲ್ಲೂ ಇದೇ ಒಳ್ಳೆಯದು. ಖರ್ಚು ಒಂದು ಕ್ಯಾನು, ಒಂದು ಬಾಟಲಿ, ಎರಡು ಹನಿ ಪೇಂಟು.

ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಕೊಟ್ಟು ನೋಡಿದೆವು. ನಮ್ಮ ಮಂಜಿಗೆ, ಬೆವರಿಗೆ ಅದು ಐದು ನಿಮಿಷದಲ್ಲಿ ಮಬ್ಬಾಗುತ್ತದೆ. ಹುಡುಗರು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ತಂತಿ ಜಾಲರಿಯ ಮುಖಕವಚ ತರಿಸಿದೆವು. ಅದು ಮಬ್ಬಾಗುವುದಿಲ್ಲ, ಹಾಕಿಕೊಳ್ಳುತ್ತಾರೆ. ಕ್ಯಾಲೆಂಡರ್, ಟೋಪಿ, ಚೀಲ ಕೊಡುವ ಯೋಚನೆಯೂ ಇತ್ತು. ಅವನ್ನು ಗೊಬ್ಬರದ ಅಂಗಡಿಯವರೂ ಕೊಡುತ್ತಾರೆ, ಬ್ಯಾಂಕಿನವರೂ ಕೊಡುತ್ತಾರೆ. ಸುಮ್ನೆ ಖರ್ಚು ಅಂತ ಬಿಟ್ಟೆವು.

ಮೊದಲ ಸರ್ವೀಸ್ ವಿಷಯದಲ್ಲಿ ಪಾಡು ಪಟ್ಟೆವು. ಸಣ್ಣ ಫೋರ್ ಸ್ಟ್ರೋಕ್ ಎಂಜಿನ್‌ಗೆ ಹಿಡಿಸುವುದು ಸುಮಾರು 100 ಮಿಲಿ ಆಯಿಲ್, ಅಷ್ಟೇ. ಮೊದಲ ಹತ್ತು ಗಂಟೆ ಓಡಿದ ಮೇಲೆ ಅದನ್ನು ಬದಲಿಸಬೇಕು, ಹೊಸ ಎಂಜಿನ್‌ನ ಕಬ್ಬಿಣದ ಪುಡಿ ಅದರಲ್ಲಿರುತ್ತದೆ. ಹತ್ತು ಗಂಟೆ ಅಂದರೆ ತೋಟದಲ್ಲಿ ಎರಡು ದಿನದ ಕೆಲಸ. ಕೆಲಸ ನಡೆಯುತ್ತಿರುವಾಗ ಮೆಷಿನ್ ಹೊತ್ತು ಮೂಡಿಗೆರೆಗೆ ಯಾರು ಬರುತ್ತಾರೆ? ಉಚಿತ ಅಂದರೂ ಬರಲಿಲ್ಲ. ಕೊನೆಗೆ ನಾವೇ ಹೋಗುವುದು ಅಂತಾಯಿತು. ಒಂದು ದಿನ ಬಣಕಲ್, ಕೊಟ್ಟಿಗೆಹಾರದ ಕಡೆ, ಇನ್ನೊಂದು ದಿನ ಗೋಣಿಬೀಡಿನ ಕಡೆ. ನಮ್ಮ ಮೆಕ್ಯಾನಿಕ್ ಹುಡುಗ ಬೈಕಿನಲ್ಲಿ ಆಯಿಲ್, ಪ್ಲಗ್, ಗ್ರೀಸ್ ಇಟ್ಟುಕೊಂಡು ಹೋಗುತ್ತಾನೆ. ಒಂದೊಂದಕ್ಕೇ ಹೋದರೆ ಪೆಟ್ರೋಲಿಗೂ ಗಿಟ್ಟುವುದಿಲ್ಲ, ಆ ದಿಕ್ಕಿನ ನಾಲ್ಕೈದು ಕೆಲಸ ಸೇರಿದ ಮೇಲೇ ಹೊರಡುವುದು. ಹೋದಾಗ ಅಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಹಳೆಯ ಮೆಷಿನ್‌ಗಳೂ ಮೂಲೆಯಲ್ಲಿ ಕೂತಿರುತ್ತವೆ. ‘ಇದನ್ನೂ ಒಂಚೂರು ನೋಡಪ್ಪ’ ಅನ್ನುತ್ತಾರೆ. ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತೇವೆ. ಆ ವರಮಾನ ಬರುತ್ತದೆ ಅಂತ ನಾನು ಮೊದಲು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆಮೇಲೆ ಬದಲಿ ಮೆಷಿನ್. ಹಳೆಯ ಮೆಷಿನ್‌ಗಳನ್ನು ಕೊಂಡು, ಬಿಚ್ಚಿ, ಸರಿಮಾಡಿ ಇಟ್ಟೆವು. ನಮ್ಮಲ್ಲಿ ಕೊಂಡ ಮೆಷಿನ್ ಸೀಸನ್‌ನಲ್ಲಿ ಕೆಟ್ಟು, ಅವತ್ತೇ ರಿಪೇರಿ ಆಗದಿದ್ದರೆ, ಅದನ್ನು ಇಲ್ಲಿ ಬಿಟ್ಟು ನಮ್ಮದನ್ನು ಒಯ್ಯಬಹುದು. ಬಾಡಿಗೆ ಇಲ್ಲ. ಇದು ಬಾಯಿಂದ ಬಾಯಿಗೆ ಹೋದಷ್ಟು ಬೇರೆ ಯಾವುದೂ ಹೋಗಲಿಲ್ಲ. ತಲೆನೋವೂ ಇದರಲ್ಲೇ ಜಾಸ್ತಿ. ಒಬ್ಬರು ತಮ್ಮ ಮೆಷಿನ್ ರೆಡಿಯಾಗಿದೆ ಅಂತ ಎಷ್ಟು ಫೋನ್ ಮಾಡಿದರೂ ಬರದೆ, ನಮ್ಮದರಲ್ಲೇ ಪೂರ್ತಿ ತೋಟ ಮುಗಿಸಿ ತಂದುಕೊಟ್ಟರು. ಬ್ಲೇಡ್ ಸವೆದು ಅರ್ಧವಾಗಿತ್ತು. ಈಗ ನಿಯಮ ಬರೆದು ಗೋಡೆಗೆ ಅಂಟಿಸಿದ್ದೇವೆ: ರಿಪೇರಿ ಆಗಿದೆ ಅಂತ ಹೇಳಿದ ಮಾರನೇ ದಿನದಿಂದ ದಿನಕ್ಕೆ ಇಷ್ಟು ಬಾಡಿಗೆ. ಬರೆದು ಹಾಕಿದ ಮೇಲೆ ಯಾರೂ ತಡ ಮಾಡಿಲ್ಲ. ನಮ್ಮ ಕಡೆ ಬಾಯಲ್ಲಿ ಹೇಳಿದರೆ ದಾಕ್ಷಿಣ್ಯ, ಗೋಡೆ ಮೇಲೆ ಬರೆದರೆ ಕಾನೂನು.

ಇನ್ನು ಮಳೆಗಾಲದ ಕೆಲಸ. ಜುಲೈಯಲ್ಲಿ ಶೆಡ್ ಖಾಲಿ. ಕರೆಂಟೂ ಇರುವುದಿಲ್ಲ, ಗಿರಾಕಿಯೂ ಇಲ್ಲ. ಆಗ ಪಟ್ಟಿ ಹಿಡಿದು ಫೋನ್ ಮಾಡುತ್ತೇವೆ. ‘ಮೇ ತಿಂಗಳಲ್ಲಿ ಹೊಡೆದಿಟ್ಟ ಮೆಷಿನ್ ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ ನೋಡಿ. ಇದ್ದರೆ ತೆಗೆದುಬಿಡಿ, ಇಲ್ಲಾ ಇಲ್ಲಿಗೆ ಕಳಿಸಿ.’ ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಇದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಕೆಡದೆ ಇರುತ್ತದೆಯೇ? ಹಾಗೆ ತಂದ ಮೆಷಿನ್‌ಗೆ ಕಾರ್ಬುರೇಟರ್ ತೊಳೆದು, ಫಿಲ್ಟರ್ ಒಗೆದು, ಗೇರ್‌ಗೆ ಗ್ರೀಸ್ ತುಂಬಿ ಕೊಡುತ್ತೇವೆ. ಮೊದಲ ವರ್ಷ ಕೂಲಿ ಇಲ್ಲ, ಆಮೇಲೆ ಇದೆ. ಬ್ಲೇಡು, ನೈಲಾನ್ ದಾರ, ಪ್ಲಗ್ಗು ಬದಲಿಸುವುದಿದ್ದರೆ ಅವಾಗಲೇ ಕೊಳ್ಳುತ್ತಾರೆ. ಅಕ್ಟೋಬರ್‌ನಲ್ಲಿ ನುಗ್ಗಿ ಬರುತ್ತಿದ್ದ ಕೆಲಸದಲ್ಲಿ ಒಂದಷ್ಟು ಜುಲೈಗೆ ಜರುಗಿತು. ಹುಡುಗನಿಗೆ ವರ್ಷಪೂರ್ತಿ ಸಂಬಳ ಕೊಡುವುದೂ ಹಗುರವಾಯಿತು.

ಇಷ್ಟೆಲ್ಲಕ್ಕೂ ಒಂದು ಮೆಷಿನ್ ಮೇಲೆ ನಮಗೆ ಬೀಳುವ ಖರ್ಚು ಸಾವಿರ ರೂಪಾಯಿಯೊಳಗೆ. 1,500 ಬಿಡುವುದಕ್ಕಿಂತ ಕಡಿಮೆ.

ಆದರೂ ಕೌಂಟರ್‌ನಲ್ಲಿ ಮಾತು ಶುರುವಾಗುವುದು ರೇಟಿನಿಂದಲೇ. ಇಲ್ಲಿ ದಾರಿ ಹುಡುಕಿದ್ದು ತಮ್ಮ. ಬಿಲ್ಲಿನಲ್ಲಿ ಮೆಷಿನ್ ಕೆಳಗೆ ಜೋಡಣೆ, ಹುಡುಗನಿಗೆ ಕಲಿಸುವುದು, ಅಳತೆ ಕ್ಯಾನು, ಮುಖಕವಚ, ತೋಟಕ್ಕೆ ಬಂದು ಮೊದಲ ಸರ್ವೀಸ್, ಬದಲಿ ಮೆಷಿನ್, ಎಲ್ಲವನ್ನೂ ಒಂದೊಂದು ಸಾಲಾಗಿ ಅಚ್ಚು ಹಾಕಿಸಿದ. ಪಕ್ಕದಲ್ಲಿ ಇನ್ನೊಂದು ರೇಟು: ‘ಡಬ್ಬ ಮಾತ್ರ’, 800 ರೂಪಾಯಿ ಕಡಿಮೆ. ‘ಬರೀ ಡಬ್ಬ ಸಾಕಾದ್ರೆ ಇದು ಸಾರ್. ಆದ್ರೆ ಈ ಸಾಲುಗಳು ಯಾವುದೂ ಇರಲ್ಲ’ ಅನ್ನುತ್ತಾನೆ. ಜನ ಪಟ್ಟಿ ಓದುತ್ತಾರೆ. ಬದಲಿ ಮೆಷಿನ್ ಸಾಲಿಗೆ ಬಂದು ನಿಲ್ಲುತ್ತಾರೆ. ಡಬ್ಬ ಮಾತ್ರ ಒಯ್ದವರು ಬೆರಳೆಣಿಕೆ. ಅವರಲ್ಲೂ ಹೆಚ್ಚಿನವರು ಸ್ವತಃ ಮೆಷಿನ್ ಬಿಚ್ಚಿ ಹಾಕಬಲ್ಲವರು, ಅವರಿಗೆ ನಮ್ಮ ಪಾಠ ಬೇಕಾಗಿಯೂ ಇಲ್ಲ. ಕೆಲಸ ಬಿಟ್ಟು ದುಡ್ಡು ಇಳಿಸಿದರೆ ನನಗೂ ಬೇಜಾರಿಲ್ಲ. ಕೆಲಸ ಹಾಗೇ ಇಟ್ಟು ದುಡ್ಡು ಮಾತ್ರ ಇಳಿಸು ಅಂದರೆ ಕಷ್ಟ.

ಕೆಲವರಿಗೆ ಕೊಳ್ಳಬೇಡಿ ಅಂತಲೇ ಹೇಳುತ್ತೇವೆ. ಎರಡು ಎಕರೆ ತೋಟ, ಮೆಷಿನ್ ಹಿಡಿಯಲು ಮನೆಯಲ್ಲಿ ಯಾರೂ ಇಲ್ಲ. ಅಂಥವರಿಗೆ ವರ್ಷಕ್ಕೆ ಎರಡು ಸಲದ ಕೆಲಸಕ್ಕೆ 20,000 ಯಾಕೆ? ಸ್ವಂತ ಮೆಷಿನ್ ಇಟ್ಟುಕೊಂಡು ಗುತ್ತಿಗೆಗೆ ಕಳೆ ಹೊಡೆಯುವ ಹುಡುಗರ ನಂಬರು ಬರೆದುಕೊಡುತ್ತೇವೆ. ಸಬ್ಸಿಡಿ ಸಿಗಬಹುದು ಅನ್ನಿಸಿದವರಿಗೆ ಪಹಣಿ, ಆಧಾರ್, ಪಾಸ್‌ಬುಕ್, ಎಫ್‌ಐಡಿ (ರೈತರ ಗುರುತಿನ) ನಂಬರು ತೆಗೆದುಕೊಂಡು ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಬನ್ನಿ ಅನ್ನುತ್ತೇವೆ. ‘ಬಂದ ಗಿರಾಕಿಯನ್ನ ನೀನೇ ವಾಪಸ್ ಕಳಿಸ್ತೀಯಲ್ಲ’ ಅಂತ ಅಪ್ಪ ಬೈಯುತ್ತಾರೆ. ಹೌದು, ಕೆಲವು ಮಾರಾಟ ಹೋಗಿವೆ. ಆದರೆ ನಾವು ನಂಬರು ಕೊಟ್ಟ ಆ ಗುತ್ತಿಗೆ ಹುಡುಗರಿಗೆ ನಮ್ಮಿಂದ ಕೆಲಸ ಸಿಕ್ಕಿತು. ದಿನಾ ಓಡಿಸುವವರಾದ್ದರಿಂದ ಅವರ ಮೆಷಿನ್ ಬೇಗ ಸವೆಯುತ್ತದೆ. ಹೊಸದಕ್ಕೆ ನಮ್ಮಲ್ಲಿಗೇ ಬರುತ್ತಾರೆ, ಬ್ಲೇಡಿಗಂತೂ ಆಗಾಗ ಬರುತ್ತಾರೆ. ರೇಟಿಗೆ ಜಗ್ಗಾಡುವುದರಲ್ಲೂ ಅವರೇ ಗಟ್ಟಿಗರು, ಆ ಮಾತು ಬೇರೆ.

ರಿಯಾಯಿತಿ ಪೂರ್ತಿ ಬಿಟ್ಟಿದ್ದೇವೆ ಅಂತಲ್ಲ. ಡಬ್ಬ ನೆನೆದ ಸರಕು, ಕಂಪನಿ ನಿಲ್ಲಿಸಿದ ಮಾದರಿ, ಇವನ್ನು ಇಟ್ಟುಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ಕಾರಣ ಹೇಳಿ, ರೇಟು ಇಳಿಸಿ ಕೊಟ್ಟುಬಿಡುತ್ತೇವೆ.

ಮೆಷಿನ್ ಮಾರಾಟ ಇದರಿಂದ ದಿಢೀರನೆ ಏರಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಹೆಚ್ಚುಕಮ್ಮಿ ಅಷ್ಟೇ ಇದೆ. ಆದರೆ ಒಂದೊಂದರಲ್ಲಿ ಉಳಿಯುವುದು ಕರಗಲಿಲ್ಲ, ಬಿಡಿಭಾಗ ಮತ್ತು ಸರ್ವೀಸ್‌ನ ವ್ಯಾಪಾರ ಚೆನ್ನಾಗಿ ಬೆಳೆಯಿತು. ಬರುವ ಗಿರಾಕಿಯೂ ಸ್ವಲ್ಪ ಬದಲಾದರು. ‘ಎಷ್ಟು ಬಿಡ್ತೀರಿ’ ಅನ್ನುವ ಮುಂಚೆ ‘ನಿಮ್ಮಲ್ಲಿ ಬದಲಿ ಮೆಷಿನ್ ಕೊಡ್ತೀರಂತೆ, ಹೌದಾ?’ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ.

ಈಗ ಇದನ್ನೇ ಔಷಧಿ ಪಂಪಿಗೆ ಮಾಡಲು ಹೊರಟಿದ್ದೇವೆ. ಅಡಿಕೆಯ ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ಸೋಸದ ಸುಣ್ಣ ನಾಜಲ್ ಕಟ್ಟುತ್ತದೆ. ಹೊಡೆದ ಮೇಲೆ ಪಂಪಿನಲ್ಲಿ ಒಳ್ಳೆ ನೀರು ಓಡಿಸಿದರೆ ಅರ್ಧ ತೊಂದರೆ ಇರುವುದಿಲ್ಲ. ಸೋಸುವ ಬಟ್ಟೆ, ಎರಡು ಹೆಚ್ಚುವರಿ ನಾಜಲ್, ವಾಷರ್‌ಗಳ ಪೊಟ್ಟಣ ಜೊತೆಗೆ ಕೊಡುವುದು ಅಂತ ಆಗಿದೆ. ಬದಲಿ ಪಂಪಿನ ವಿಷಯದಲ್ಲಿ ಮಾತ್ರ ತಮ್ಮ ಒಪ್ಪಿಲ್ಲ. ಔಷಧಿ ಹೊಡೆಯಲು ಮಳೆ ಬಿಡುವು ಕೊಡುವುದೇ ಒಂದೆರಡು ದಿನ. ಆ ದಿನ ಎಲ್ಲರ ಪಂಪೂ ಒಟ್ಟಿಗೇ ಕೆಟ್ಟರೆ ಯಾರಿಗೆ ಕೊಡುತ್ತೀ ಅನ್ನುತ್ತಾನೆ. ನಾನು ಹಳೆಯ ಪಂಪುಗಳು ಎಲ್ಲಿ ಅಗ್ಗಕ್ಕೆ ಸಿಗುತ್ತವೆ ಅಂತ ವಿಚಾರಿಸುತ್ತಿದ್ದೇನೆ.